ಮೊದಲು ಕೇಳು, ಆಮೇಲೆ ಮಾಡು: ವಾರ್ಡಿನಲ್ಲಿ ನಾನು ಕಂಡ ನರ್ಸಿಂಗ್ ಸಿದ್ಧಾಂತ

ಬೆಳಗಿನ ಹ್ಯಾಂಡೋವರ್‌ನಲ್ಲಿ, ಅಂದರೆ ರಾತ್ರಿ ಪಾಳಿಯ ನರ್ಸ್ ರೋಗಿಗಳ ವಿವರ ಒಪ್ಪಿಸುವಾಗ, 'ಪೇಷೆಂಟ್ ಚೆನ್ನಾಗಿ ನಿದ್ದೆ ಮಾಡಿದ್ರು' ಅಂದರೆ ನನಗೆ ಸಾಲದು. ಎಷ್ಟು ಗಂಟೆ ಮಲಗಿದ್ರು, ರಾತ್ರಿಯ ಯಾವ ಹೊತ್ತಲ್ಲಿ ಅಂತ ಕೇಳುತ್ತೇನೆ. ಹೀಗೇ ಕೇಳಬೇಕು ಅಂತ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ನಡುರಾತ್ರಿ ಎಚ್ಚರವಾದವರನ್ನು ಎಬ್ಬಿಸಿದ್ದು ನೋವಿರಬಹುದು, ಪಕ್ಕದ ಮಂಚದ ಕೆಮ್ಮಿರಬಹುದು. 'ಚೆನ್ನಾಗಿ' ಎಂದು ಬಿಟ್ಟರೆ ಅದು ಗೊತ್ತೇ ಆಗುವುದಿಲ್ಲ. ರೋಗಿ ಇರುವ ಕೋಣೆಯಲ್ಲೇ ಪಿಸುಗುಟ್ಟುವುದು ಕ್ರೌರ್ಯ ಅಂತಲೂ ಅವರು ಹೇಳಿದ್ದಾರೆ. ನೂರಕ್ಕೆ ನೂರು ನಿಜ. ಮನೆಯವರ ಜೊತೆ ಮಾತಾಡುವುದಿದ್ದರೆ ನಾನು ವಾರ್ಡಿನಿಂದ ಹೊರಗೇ ಕರೆದುಕೊಂಡು ಹೋಗುತ್ತೇನೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದವರು ಮಾತ್ರ ಅಮೆರಿಕದ ನರ್ಸಿಂಗ್ ಚಿಂತಕಿ ಐಡಾ ಜೀನ್ ಒರ್ಲ್ಯಾಂಡೊ. 1961ರಲ್ಲಿ ಅವರು ಹೇಳಿದ್ದು ಇಷ್ಟೇ: ರೋಗಿಯನ್ನು ನೋಡಿ ನಿನಗೆ ಏನೋ ಅನ್ನಿಸುತ್ತದೆ, ಅದು ಸರಿಯಾ ಅಂತ ಅವರನ್ನೇ ಕೇಳು. ಕೇಳದೆ ಏನೂ ಮಾಡಬೇಡ.

ತೊಡೆಯ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜಿಯೊಬ್ಬರು ನೀರನ್ನೇ ಮುಟ್ಟುತ್ತಿರಲಿಲ್ಲ. ಲೋಟ ಹಿಡಿದರೆ ಮುಖ ತಿರುಗಿಸುತ್ತಿದ್ದರು. ಹಟ ಅಂತ ಮಗಳು ಗದರುತ್ತಿದ್ದಳು. "ಅಜ್ಜಿ, ವಾಂತಿ ಬಂದ ಹಾಗೆ ಆಗುತ್ತೆ ಅಂತ ನೀರು ಬೇಡ ಅಂತಿದ್ದೀರಿ ಅನ್ನಿಸ್ತು. ಹೌದಾ?" ಅಂತ ಕೇಳಿದೆ.

"ಅಲ್ಲ ಕಣವ್ವ," ಅಂದರು. ಆಮೇಲೆ ದನಿ ಇಳಿಸಿ, "ಕುಡಿದರೆ ಒಂದಕ್ಕೆ ಬರುತ್ತೆ. ಸುತ್ತ ಗಂಡಸರು ಓಡಾಡ್ತಾರೆ."

ಹೆಂಗಸರ ವಾರ್ಡಾದರೂ ನೋಡಲು ಬರುವ ಗಂಡಸರು ಇದ್ದೇ ಇರುತ್ತಾರೆ, ಅಲ್ವಾ? ಮಂಚದ ಸುತ್ತ ಸ್ಕ್ರೀನ್ ತರಿಸಿದೆ. ಬೆಡ್‌ಪ್ಯಾನ್ ಕೊಡುವಾಗ ಗಂಡಸರನ್ನು ಹೊರಗೆ ಕಳಿಸಿದೆ. ಸಂಜೆಯೊಳಗೆ ಅಜ್ಜಿ ತಾವೇ ನೀರು ಕೇಳಿದರು. ನಾನು ಕೇಳದಿದ್ದರೆ ವಾಂತಿಗೊಂದು ಇಂಜೆಕ್ಷನ್, ನೀರಿಗೊಂದು ಡ್ರಿಪ್ ಅಂತ ಹೋಗುತ್ತಿತ್ತು. ನೀರು ಕಡಿಮೆಯಾದರೆ ಈ ವಯಸ್ಸಿನಲ್ಲಿ ಮೂತ್ರದ ಸೋಂಕು ಬೇಗ ಅಂಟಿಕೊಳ್ಳುತ್ತದೆ.

ಅಮೆರಿಕದ ಇನ್ನೊಬ್ಬ ನರ್ಸಿಂಗ್ ಚಿಂತಕಿ ವರ್ಜೀನಿಯಾ ಹೆಂಡರ್ಸನ್ ಮನುಷ್ಯನ 14 ಅಗತ್ಯಗಳನ್ನು ಪಟ್ಟಿ ಮಾಡಿದ್ದಾರೆ. ಉಸಿರು, ಊಟ, ಮಲಮೂತ್ರ, ನಿದ್ದೆಯ ಜೊತೆಗೆ ತನ್ನ ನಂಬಿಕೆಯಂತೆ ಪೂಜೆ ಮಾಡುವುದೂ ಅದರಲ್ಲಿದೆ. ಶಕ್ತಿಯಿದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ಮಾತ್ರ ನರ್ಸ್ ಕೈಜೋಡಿಸಬೇಕು, ಬೇಗ ಅವರ ಕೈಗೇ ಬಿಡಬೇಕು ಎನ್ನುವುದು ಅವರ ಮಾತು. ವಾರ್ಡಿನಲ್ಲಿ ಇದು ಕಷ್ಟ. ತಿನ್ನಿಸಿದರೆ ಹತ್ತು ನಿಮಿಷ, ಅವರೇ ತಿಂದರೆ ಅರ್ಧ ಗಂಟೆ.

ಸ್ಟ್ರೋಕ್ ಆಗಿ ಬಲಗೈ ಬಿದ್ದಿದ್ದ ಇನ್ನೊಬ್ಬರು ಕುಂಕುಮ ಇಟ್ಟುಕೊಳ್ಳದೆ ಬೆಳಗಿನ ಕಾಫಿ ಕುಡಿಯುತ್ತಿರಲಿಲ್ಲ. ಸೊಸೆ ಇಡಲು ಹೋದರೆ ಬೇಡ ಅನ್ನುತ್ತಿದ್ದರು. ಭರಣಿಯನ್ನು ಎಡಗೈ ಹತ್ತಿರ ಇಟ್ಟು ಕನ್ನಡಿ ಹಿಡಿದೆ. ಬೊಟ್ಟು ಸ್ವಲ್ಪ ಓರೆಯಾಯಿತು, ಅವರು ಒರೆಸಿ ಮತ್ತೆ ಇಟ್ಟುಕೊಂಡರು. ನುಂಗಲು ತೊಂದರೆಯಿಲ್ಲ ಅಂತ ಮೊದಲೇ ನೋಡಿಯಾಗಿತ್ತು, ಹಾಗಾಗಿ ಇಡ್ಲಿಯನ್ನೂ ಅವರ ಕೈಗೇ ಕೊಟ್ಟೆವು. ಮುಂದಿನ ಪಾಳಿಯವರು ಅವಸರಕ್ಕೆ ತಿನ್ನಿಸಿಬಿಡಬಾರದಲ್ಲ. ಅದಕ್ಕೇ ನರ್ಸಸ್ ನೋಟ್‌ನಲ್ಲಿ ಬರೆದೆ: 'ಎಡಗೈಯಲ್ಲಿ ತಾವೇ ತಿನ್ನುತ್ತಾರೆ. ತುಂಡು ಮಾಡಿಕೊಟ್ಟರೆ ಸಾಕು. ಕುಂಕುಮ ಮೊದಲು, ಕಾಫಿ ಆಮೇಲೆ.'