ಮೇನ್‌ಫ್ರೇಮ್ ಪ್ರೊಡಕ್ಷನ್‌ಗೆ ಯಾವ ಸ್ಕ್ರಿಪ್ಟ್ ಭಾಷೆ?

ಮೇನ್‌ಫ್ರೇಮ್‌ಗೆ (ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್) ಹೊಸ ಸ್ಕ್ರಿಪ್ಟ್ ಬರೆಯುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ: ರಾತ್ರಿ ಎರಡಕ್ಕೆ ಜಾಬ್ (ಯಂತ್ರಕ್ಕೆ ವಹಿಸಿದ ಕೆಲಸ) ಅರ್ಧಕ್ಕೇ ಬಿದ್ದರೆ ಪಾಳಿಯಲ್ಲಿರುವವರು ಇದನ್ನು ಓದಬಲ್ಲರೇ?

ಡೇಟಾಸೆಟ್ (ಮೇನ್‌ಫ್ರೇಮ್‌ನ ಫೈಲ್), ಟಿಎಸ್‌ಒ ಕಮಾಂಡ್ (ಟರ್ಮಿನಲ್‌ನಿಂದ ಕೊಡುವ ಆಜ್ಞೆ), ಐಎಸ್‌ಪಿಎಫ್ (ಮೆನು, ಎಡಿಟರ್ ಪರದೆಗಳು) ಕೆಲಸವಾದರೆ ರೆಕ್ಸ್ ಸಾಕು. 1979ರಲ್ಲಿ ಮೈಕ್ ಕೌಲಿಶಾ ಶುರುಮಾಡಿದ ಭಾಷೆ. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಜೆಡ್/ಒಎಸ್ ಜೊತೆಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಬೇಡ. ಆದರೆ ಫೈಲ್ ಓದುವ, ಬರೆಯುವ ಕಮಾಂಡ್ ಎಕ್ಸೆಕ್‌ಐಒದಿಂದ ದೊಡ್ಡ ಫೈಲನ್ನು ಒಂದೇ ಸಲ ಓದಬೇಡಿ, ಮೆಮೊರಿ ಸಾಲದು. ತುಂಡುತುಂಡಾಗಿ ಓದಿ. ಲಕ್ಷಗಟ್ಟಲೆ ರೆಕಾರ್ಡ್ ಸೋಸುವುದಿದ್ದರೆ ವಿಂಗಡಣೆಯ ಪ್ರೋಗ್ರಾಂ ಡಿಎಫ್‌ಸಾರ್ಟ್‌ಗೇ ಬಿಡಿ.

ಜೇಸನ್ (ಡೇಟಾ ಬರೆಯುವ ಪಠ್ಯರೂಪ), ರೆಸ್ಟ್ ಎಪಿಐ (ವೆಬ್ ಮೂಲಕ ಬೇರೆ ಸಿಸ್ಟಮ್ ಜೊತೆ ಮಾತಾಡುವ ದಾರಿ) ಬಂತೆಂದರೆ ಪೈಥಾನ್ ಭಾಷೆ. ಇಲ್ಲಿ ಎರಡು ಕಡೆ ಎಚ್ಚರ. ಮೊದಲನೆಯದು ಮೇನ್‌ಫ್ರೇಮ್ ಅಕ್ಷರಗಳನ್ನಿಡುವ ಎಬ್ಸಿಡಿಕ್ ಎನ್‌ಕೋಡಿಂಗ್: ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೆಸರಿಸಿಯೇ ತೆರೆಯಿರಿ. ಎರಡನೆಯದು ನನ್ನನ್ನು ಅರ್ಧ ದಿನ ಅಲೆಸಿತ್ತು. ಜಾಬ್‌ನಿಂದ ಯುನಿಕ್ಸ್ ಸ್ಕ್ರಿಪ್ಟ್ ಓಡಿಸುವ ಬಿಪಿಎಕ್ಸ್‌ಬ್ಯಾಚ್ ಮೂಲಕ ಓಡಿಸಿದರೆ ಎಕ್ಸಿಟ್ ಕೋಡ್ (ಸ್ಕ್ರಿಪ್ಟ್ ಮುಗಿದಾಗ ಕೊಡುವ ಫಲಿತಾಂಶದ ಸಂಖ್ಯೆ) 256ರಿಂದ ಗುಣಿಸಲ್ಪಡುತ್ತದೆ. ಸ್ಕ್ರಿಪ್ಟ್ 8 ಕೊಟ್ಟರೆ ಜೆಸಿಎಲ್‌ಗೆ (ಜಾಬ್‌ನ ಸ್ಟೆಪ್‌ಗಳನ್ನು ಬರೆಯುವ ಭಾಷೆ) ಕಾಣುವುದು 2048. ನನ್ನ ಮುಂದಿನ ಸ್ಟೆಪ್‌ನ ಷರತ್ತು 8ಕ್ಕೇ ಕಾಯುತ್ತಿತ್ತು! ಹಾಗಾಗಿ ಷರತ್ತನ್ನು ಮೊದಲೇ ಪರೀಕ್ಷಿಸಿ, ಬೇಕೆಂದೇ ಸೋಲಿಸಿ ನೋಡಿ.

ಶೆಲ್ ಸ್ಕ್ರಿಪ್ಟ್ ಯುನಿಕ್ಸ್ ಫೈಲ್‌ಗಳನ್ನು ಸಾಗಿಸಲು ಚೆನ್ನ, ಲೆಕ್ಕಾಚಾರಕ್ಕಲ್ಲ.

ಭಾಷೆ ಯಾವುದಾದರೂ ಸೋರ್ಸ್ ಗಿಟ್‌ನಲ್ಲಿರಲಿ (ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆ), ಯಾರದೋ ಸ್ವಂತ ಪಿಡಿಎಸ್‌ನಲ್ಲಿ (ಹಲವು ಫೈಲ್ ಇಡುವ ಡೇಟಾಸೆಟ್) ಬೇಡ.