ವಿಜಯಪುರದ ಬಿಸಿಲಿನಲ್ಲಿ ಅನಿಮಲ್ ಹೌಸ್ ಕಟ್ಟಿದ್ದು

ನಮ್ಮದು ವಿಜಯಪುರದ ಒಂದು ಸಣ್ಣ ಬಿ.ಫಾರ್ಮ ಕಾಲೇಜು. ಪ್ರಾಣಿಗಳ ಮೇಲಿನ ಪ್ರಾಕ್ಟಿಕಲ್‌ಗಳು ಈಗ ಬಹುತೇಕ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲೇ ಮುಗಿಯುತ್ತವೆ. ಇಲಿಗಳು ಬೇಕಿದ್ದುದು ಸಂಶೋಧನೆಗೆ. ಅನಿಮಲ್ ಹೌಸ್, ಅಂದರೆ ಪ್ರಯೋಗದ ಪ್ರಾಣಿಗಳನ್ನು ಸಾಕುವ ಕೋಣೆಯ ಹೊಣೆ ನನಗೆ ಬಂದಾಗ ತೋರಿಸಿದ ಜಾಗ ಮೂರನೇ ಮಹಡಿಯ ಸ್ಟೋರ್ ರೂಮು. ಗೋಡೆಗೆ ಪಶ್ಚಿಮದ ಬಿಸಿಲು, ತಲೆಯ ಮೇಲೆ ಬರೀ ಸ್ಲ್ಯಾಬು. ಪ್ರಯೋಗದ ಪ್ರಾಣಿಗಳ ಸರ್ಕಾರಿ ಮಾರ್ಗಸೂಚಿಯಂತೆ ಕೋಣೆ 18ರಿಂದ 29 ಡಿಗ್ರಿಯೊಳಗೆ ಇರಬೇಕು, ನಮ್ಮ ಬೇಸಿಗೆಯೋ 40 ದಾಟುತ್ತದೆ. ಎಸಿ ಹಾಕಿದರಾಯಿತು ಎಂದು ಒಪ್ಪಿಬಿಟ್ಟೆ.

ಮೊದಲ ಏಪ್ರಿಲ್‌ನಲ್ಲೇ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಇಲಿ ನೋಡಿಕೊಳ್ಳುವ ಕಾಕಾ ಓಡಿ ಬಂದರು: "ಮೇಡಮ್ರೀ, ಇಲಿ ಬೆವತಾವು, ಲಗೂನ ಬರ್ರಿ." ಇಲಿಯ ಮೈ ಬೆವರುವುದಿಲ್ಲ. ಹೋಗಿ ನೋಡಿದರೆ ಕುತ್ತಿಗೆ, ಎದೆಯ ಕೂದಲೆಲ್ಲ ಒದ್ದೆ. ಕಾವು ತಾಳಲಾರದೆ ತಮ್ಮ ಜೊಲ್ಲನ್ನೇ ಮೈಗೆ ಸವರಿಕೊಂಡು, ಕಾಲು ಚಾಚಿ ಬಿದ್ದಿದ್ದವು. ಇಲಿ ಮೈಯ ಶಾಖದ ಒಂದು ಪಾಲನ್ನು ಬಾಲದಿಂದ ಹೊರಹಾಕುತ್ತದೆ, ಆದರೆ ಸುತ್ತಲಿನ ಗಾಳಿಯೇ ಕಾದರೆ ಬಾಲವೂ ಉಪಯೋಗಕ್ಕೆ ಬರುವುದಿಲ್ಲ. ಸಂಜೆಯೊಳಗೆ ಎರಡು ಸತ್ತವು. ಜಾಗಕ್ಕೆ ಹೂಂ ಅಂದವಳು ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಪರಿಶೀಲಿಸುವ ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ ತಿಳಿಸಿ, ಹಳೆಯ ಕಟ್ಟಡದ ನೆಲಮಹಡಿಯಲ್ಲಿದ್ದ ಕರಿಕಲ್ಲಿನ ಕೋಣೆಗೆ ಬಂದೆವು. ದಪ್ಪ ಗೋಡೆ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಆದರೆ ಕಲ್ಲಿನ ಸಂದಿಯಲ್ಲಿ ಹುಳ ಸೇರುತ್ತವೆ. ಅದಕ್ಕೆ ನುಣ್ಣಗೆ ಪ್ಲಾಸ್ಟರ್ ಮಾಡಿಸಿ, ನೆಲ ಗೋಡೆ ಕೂಡುವ ಮೂಲೆಗಳನ್ನು ದುಂಡಗೆ ತಿದ್ದಿಸಿ, ನೆಲಕ್ಕೆ ನೀರು ಹೀರದ ಎಪಾಕ್ಸಿ ಲೇಪ ಬಳಿಸಿದೆವು. ಗಾಳಿ ಗಂಟೆಗೆ 12ರಿಂದ 15 ಸಲ ಬದಲಾಗಬೇಕು. ಕೋಣೆ 12 ಅಡಿ ಉದ್ದ, 10 ಅಗಲ, 10 ಎತ್ತರ, ಅಂದರೆ 1200 ಘನ ಅಡಿ. 15 ಸಲಕ್ಕೆ 18,000, ನಿಮಿಷಕ್ಕೆ 300 ಘನ ಅಡಿ. ಈ ಲೆಕ್ಕ ಹಿಡಿದೇ ಎಕ್ಸಾಸ್ಟ್ ಫ್ಯಾನ್ ಕೊಳ್ಳಿ, ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಎಸಿ, ಫ್ಯಾನ್ ಎರಡನ್ನೂ ಜನರೇಟರ್ ಲೈನಿಗೆ ಕೊಡಿಸಿದೆ. ಪಂಜರದಲ್ಲಿ ಹಾಸಲು ಬೇಕಾದ ಭತ್ತದ ಹೊಟ್ಟು ನಮ್ಮ ಜೋಳದ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಗಂಗಾವತಿಯ ರೈಸ್ ಮಿಲ್ಲಿನಿಂದ ತರಿಸಿ, ಆಟೊಕ್ಲೇವ್ ಮಾಡಿಯೇ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದೇ ಹಾಕುತ್ತೇವೆ.

ಪರವಾನಗಿ ಪಡೆದು ಮರಿ ಮಾಡಿಸತೊಡಗಿದಾಗ ಇನ್ನೊಂದು ತೊಡಕು: ಹೆಣ್ಣುಗಳು ಗಬ್ಬ ಕಟ್ಟಲೇ ಇಲ್ಲ. ಆಹಾರ, ನೀರು ಎಲ್ಲ ಸರಿ. ಒಂದು ರಾತ್ರಿ ಒಂಬತ್ತಕ್ಕೆ ಹೋದರೆ ದೀಪ ಉರಿಯುತ್ತಿತ್ತು. 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಕೊಡಬೇಕಾದ ಟೈಮರ್, ಕರೆಂಟ್ ಹೋದಾಗಲೆಲ್ಲ ನಿಂತು ನಿಂತು ಹಿಂದೆ ಬಿದ್ದಿತ್ತು. ದೀಪ, ಟೈಮರ್ ಜನರೇಟರ್ ಲೈನಿಗೆ ಸೇರಿಸಿರಲೇ ಇಲ್ಲ. ಬೆಳಕಿನ ಹೊತ್ತು ತಪ್ಪಿದರೆ ಹೆಣ್ಣಿಲಿಯ ಋತುಚಕ್ರವೂ ತಪ್ಪುತ್ತದೆ. ಬ್ಯಾಟರಿ ಇರುವ ಟೈಮರ್ ಹಾಕಿಸಿದ ಮೇಲೆ ಎರಡು ತಿಂಗಳೊಳಗೆ ಮೊದಲ ಸೂಲು, ಒಂಬತ್ತು ಮರಿ.

ಸಮಿತಿಯಲ್ಲಿ ವಿಜ್ಞಾನದವರಲ್ಲದ ಸದಸ್ಯರೊಬ್ಬರು ಇರಲೇಬೇಕೆಂಬ ನಿಯಮವಿದೆ. ನಮ್ಮಲ್ಲಿ ಬರುವ ಹಿರಿಯರು ಪ್ರತಿ ಸಲ ಕೇಳುತ್ತಾರೆ: "ಇಷ್ಟು ಇಲಿ ಯಾಕ ಬೇಕ್ರಿ? ಕಡಿಮಿ ಆದ್ರ ನಡಿಯೂದಿಲ್ಲೇನು?" ಅವರಿಗೆ ಉತ್ತರಿಸಲು ಕೂತಾಗಲೇ ಒಂದು ಪ್ರಯೋಗದಲ್ಲಿ ಇಡೀ ಒಂದು ಗುಂಪು ಬೇಡವೆಂದು ನನಗೆ ಹೊಳೆದದ್ದು.

ಬಾಗಿಲ ಬಳಿ ಕಾಕಾ ದಿನಕ್ಕೆ ಮೂರು ಸಲ ಉಷ್ಣತೆ ಬರೆಯುವ ಪುಸ್ತಕವಿದೆ. ಕಳೆದ ಮೇ ತಿಂಗಳಲ್ಲಿ ಅದರ ಅತಿ ಹೆಚ್ಚಿನ ಅಂಕಿ 28.