ಹಾಕಿ ಆಡಿದ ಕಾಲಿಗೆ ಫುಟ್ಬಾಲ್ ಕಲಿಸುವುದು

ಕೊಡಗಿನಲ್ಲಿ ಕಾಲೇಜು ಫುಟ್ಬಾಲ್ ತಂಡಕ್ಕೆ ಹುಡುಗರನ್ನು ಕರೆದರೆ ಬರುವವರಲ್ಲಿ ಬಹಳ ಮಂದಿ ಹಾಕಿ ಆಡಿ ಬೆಳೆದವರು. ಸುಂಟಿಕೊಪ್ಪದ ಕಡೆಯವರ ಮಾತು ಬೇರೆ. ಅಲ್ಲಿ ಗೋಲ್ಡ್ ಕಪ್ ಫುಟ್ಬಾಲ್ ನೋಡುತ್ತಲೇ ಮಕ್ಕಳು ದೊಡ್ಡವರಾಗುತ್ತಾರೆ. ಉಳಿದವರಿಗೆ ಓಟ, ಜಾಗ ನೋಡುವ ಕಣ್ಣು, ಮೂರು ಜನರ ನಡುವಿನ ಸಣ್ಣ ಪಾಸ್ ಎಲ್ಲವೂ ಮೊದಲೇ ಗೊತ್ತು. ಹಾಗಾಗಿ ನನಗೆ ಕಲಿಸುವ ಕೆಲಸಕ್ಕಿಂತ ಮರೆಸುವ ಕೆಲಸವೇ ಜಾಸ್ತಿ.

ಮೊದಲ ತೊಂದರೆ ಕಾಲಿನದು. ಹಾಕಿಯಲ್ಲಿ ಚೆಂಡು ಕಾಲಿಗೆ ತಗುಲಿದರೆ ಫೌಲ್. ವರ್ಷಗಟ್ಟಲೆ ಕಾಲು ತಪ್ಪಿಸಿಕೊಂಡು ಆಡಿದ ಹುಡುಗ, ಜೋರಾದ ಪಾಸ್ ಬಂದಾಗ ಗೊತ್ತಿಲ್ಲದೆಯೇ ಕಾಲು ಹಿಂದಕ್ಕೆ ಎಳೆಯುತ್ತಾನೆ. ಬೈದರೆ ಇದು ಹೋಗುವುದಿಲ್ಲ. ಇಬ್ಬಿಬ್ಬರನ್ನು ಐದು ಮೀಟರ್ ದೂರದಲ್ಲಿ ಎದುರುಬದುರು ನಿಲ್ಲಿಸಿ ದಿನಕ್ಕೆ ನೂರು ಬಾರಿ ಚೆಂಡು ತಡೆಸುತ್ತೇನೆ, ಅದರಲ್ಲಿ ಅರವತ್ತು ಎಡಗಾಲಲ್ಲಿ. ಪಾದದ ಒಳಬದಿ, ಹಿಮ್ಮಡಿ ಗಟ್ಟಿ, ಚೆಂಡು ತಾಕುವ ಕ್ಷಣಕ್ಕೆ ಕಾಲು ಒಂದು ಗೇಣು ಹಿಂದೆ. ಎಡಕ್ಕೆ ಹೆಚ್ಚು ಕೊಡಲು ಕಾರಣವಿದೆ: ಹಾಕಿ ಸ್ಟಿಕ್ಕಿನ ಒಂದೇ ಬದಿ ಚಪ್ಪಟೆ, ಚೆಂಡು ಸದಾ ದೇಹದ ಬಲಕ್ಕೇ ಇರುತ್ತದೆ. ಎಡಕ್ಕೆ ಬಂದ ಚೆಂಡಿಗೂ ಇವರು ಇಡೀ ಮೈ ತಿರುಗಿಸುತ್ತಾರೆ. ಅಷ್ಟು ಹೊತ್ತು ಸಿಕ್ಕರೆ ಎದುರಾಳಿ ಡಿಫೆಂಡರ್‌ಗೆ ಸಾಕು.

ಆಫ್‌ಸೈಡ್ ಇದಕ್ಕಿಂತ ಕಷ್ಟ. ಎದುರಾಳಿಯ ಅರ್ಧದಲ್ಲಿ, ಪಾಸ್ ಹೊರಡುವ ಹೊತ್ತಿಗೆ ಚೆಂಡಿಗಿಂತಲೂ ಎದುರಾಳಿಯ ಕೊನೆಯ ಇಬ್ಬರಿಗಿಂತಲೂ ಗೋಲಿನ ಹತ್ತಿರ ನಿಂತು ಆ ಪಾಸ್ ಆಡಬಾರದೆಂಬ ನಿಯಮ ಅದು. ಹಾಕಿಯಲ್ಲಿ 1998ರಲ್ಲೇ ಆಫ್‌ಸೈಡ್ ತೆಗೆದುಹಾಕಿದರು. ಈಗಿನ ಹುಡುಗರು ಆ ನಿಯಮವನ್ನು ಆಡಿ ನೋಡಿಯೇ ಇಲ್ಲ. ಫಾರ್ವರ್ಡ್ ಗೋಲ್ ಕಂಬದ ಪಕ್ಕ ಹೋಗಿ ನಿಂತು ಸ್ಟಿಕ್ ಚಾಚುವುದು ಅಲ್ಲಿ ಜಾಣತನ, ಇಲ್ಲಿ ಧ್ವಜ ಮೇಲೇಳುತ್ತದೆ. ಬಾಯಲ್ಲಿ ನಿಯಮ ಒಪ್ಪಿಸುತ್ತಾರೆ, ಮೈದಾನದಲ್ಲಿ ಮತ್ತೆ ಅದೇ ಜಾಗ. ಗೋಲಿನಿಂದ ಇಪ್ಪತ್ತೈದು ಮೀಟರ್‌ಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಸುತ್ತೇನೆ. ಪಾಸ್ ಕೊಡುವವನ ಕಾಲಿನಿಂದ ಚೆಂಡು ಹೊರಟ ಮೇಲೆಯೇ ಫಾರ್ವರ್ಡ್ ಆ ಗೆರೆ ದಾಟಬೇಕು. ಎರಡನೇ ವಾರ ಗೆರೆ ಅಳಿಸಿ ಆ ಜಾಗದಲ್ಲಿ ಇಬ್ಬರು ಡಿಫೆಂಡರ್‌ಗಳನ್ನು ನಿಲ್ಲಿಸಿ ಹಿಂದೆ ಮುಂದೆ ಓಡಾಡಿಸುತ್ತೇನೆ. ನೇರ ಮುಂದಕ್ಕೆ ಓಡುವವನು ಸಿಕ್ಕಿಬೀಳುತ್ತಾನೆ. ಡಿಫೆಂಡರ್ ಸಾಲಿಗೆ ಸಮಾಂತರವಾಗಿ ನಾಲ್ಕು ಹೆಜ್ಜೆ ಓಡಿ ಆಮೇಲೆ ತಿರುಗುವವನು ಬಚಾವಾಗುತ್ತಾನೆ. ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಎಂಬುದನ್ನೂ ಆಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅಲ್ಲಿಯೂ ಹೆದರಿ ಹಿಂದೆ ನಿಲ್ಲುತ್ತಾರೆ.

ಫ್ರೀ ಕಿಕ್‌ನಲ್ಲಿ ಇನ್ನೊಂದು ಗುಂಡಿ. ಹಾಕಿಯಲ್ಲಿ ಫ್ರೀ ಹಿಟ್ ಸಿಕ್ಕರೆ ಚೆಂಡನ್ನು ತನಗೇ ತಳ್ಳಿಕೊಂಡು ಓಡಬಹುದು. ಫುಟ್ಬಾಲಿನಲ್ಲಿ ಬೇರೆಯವರು ಮುಟ್ಟುವ ಮೊದಲು ಒದ್ದವನೇ ಎರಡನೇ ಸಲ ಮುಟ್ಟಿದರೆ ಎದುರು ತಂಡಕ್ಕೆ ಇಂಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರವಾಗಿ ಗೋಲು ಹೊಡೆಯಲಾಗದ ಫ್ರೀ ಕಿಕ್. ‘ಯಾಕೆ ಸಾರ್ ವಿಶಲ್?’ ಎಂದು ಕೇಳುವವನು ಪ್ರತಿ ವರ್ಷ ಒಬ್ಬನಾದರೂ ಇದ್ದೇ ಇರುತ್ತಾನೆ. ಒದ್ದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಬರುವ ರೂಢಿ ಮಾಡಿಸಿದರೆ ಇದು ತಾನಾಗಿ ನಿಲ್ಲುತ್ತದೆ.

ಗೋಲಿಗೆ ಒದೆಯುವುದರಲ್ಲೂ ಹಾಕಿಯ ‘ಡಿ’, ಅಂದರೆ ಗೋಲಿನ ಮುಂದೆ ಬಾಗಿದ ಗೆರೆಯೊಳಗಿನ ಜಾಗ, ತಲೆಯಲ್ಲಿ ಕುಳಿತಿರುತ್ತದೆ. ಅಲ್ಲಿ ಡಿ ಒಳಗಿನಿಂದ ಹೊಡೆದರಷ್ಟೇ ಗೋಲು, ಅದಕ್ಕೆ ಇಲ್ಲಿಯೂ ಹದಿನೆಂಟು ಮೀಟರ್‌ನಲ್ಲಿ ದಾರಿ ತೆರೆದಿದ್ದರೂ ಒಳಗೆ ನುಗ್ಗಿ ಚೆಂಡು ಕಳೆದುಕೊಳ್ಳುತ್ತಾರೆ. ಅಭ್ಯಾಸ ಪಂದ್ಯದಲ್ಲಿ ಹತ್ತು ನಿಮಿಷ ಪೆನಾಲ್ಟಿ ಏರಿಯಾದ ಹೊರಗಿನಿಂದ ಬಂದ ಗೋಲು ಮಾತ್ರ ಲೆಕ್ಕಕ್ಕೆ. ಹೆಡ್ಡಿಂಗ್‌ಗೆ ಆತುರ ಬೇಡ: ಗಾಳಿ ಕಡಿಮೆಯಿರುವ ಹಗುರ ಚೆಂಡು, ಎರಡು ಮೀಟರ್‌ನಿಂದ ಕೈಯಲ್ಲಿ ಎಸೆದದ್ದು, ಒಂದು ದಿನಕ್ಕೆ ಹತ್ತು, ಕಣ್ಣು ಮುಚ್ಚದೆ.

ದಮ್ಮಿನ ವಿಷಯದಲ್ಲಿ ನಾನೇ ಮೊದಲು ತಪ್ಪು ಲೆಕ್ಕ ಹಾಕಿದ್ದೆ. ಹಾಕಿ 15 ನಿಮಿಷದ ನಾಲ್ಕು ಕ್ವಾರ್ಟರ್, ಆಟಗಾರನನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೆಲವು ನಿಮಿಷ ಪೂರ್ತಿ ಓಡಿ ಬೆಂಚಿಗೆ ಬರುವ ಮೈ ಅದು. 45 ನಿಮಿಷದ ಅರ್ಧದಲ್ಲಿ ಮೂವತ್ತನೇ ನಿಮಿಷಕ್ಕೇ ಸೊಂಟದ ಮೇಲೆ ಕೈ ಬರುತ್ತದೆ. ಹೆಚ್ಚು ಸ್ಪ್ರಿಂಟ್ ಓಡಿಸಿ ಪ್ರಯೋಜನವಾಗಲಿಲ್ಲ. ನಾಲ್ಕು ನಿಮಿಷ ಗಟ್ಟಿ ಓಟ, ಮೂರು ನಿಮಿಷ ಮೆಲ್ಲನೆ ಓಟ, ಇದು ಒಂದು ಸುತ್ತು. ಎರಡು ಸುತ್ತಿನಿಂದ ಶುರು ಮಾಡಿ ವಾರಕ್ಕೊಂದರಂತೆ ನಾಲ್ಕರವರೆಗೆ ಏರಿಸಿದಾಗ ಕೈ ಸೊಂಟದಿಂದ ಇಳಿಯಿತು.

ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ಅಂದರೆ ಕೆಸರುಗದ್ದೆ. ಚೆಂಡಿನ ಗಾಳಿ 9 ಪಿಎಸ್‌ಐ ಆಸುಪಾಸಿನಲ್ಲಿಡುತ್ತೇನೆ. ನಿಯಮದ ಕೆಳಮಿತಿ 8.5. ಬಿಗಿಯಾದ ಚೆಂಡು ಒದ್ದೆ ಕಾಲಿನಿಂದ ಚಿಮ್ಮಿ ಹೋಗುತ್ತದೆ. ತಿರುಪು ಹಾಕುವ ಆರು ಸ್ಟಡ್ಡಿನ ಬೂಟು ಇಲ್ಲದವನನ್ನು ಓಡಿಸುವುದಿಲ್ಲ, ಮೊಣಕಾಲು ತಿರುಚಿದರೆ ಆ ವರ್ಷ ಮುಗಿದಂತೆ. ಜಿಗಣೆಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಗೋಲ್ ಕಂಬದಲ್ಲೇ ನೇತಾಡುತ್ತಿರುತ್ತದೆ.

ಹುತ್ತರಿ ಮುಗಿದು ಕಾಫಿ ಕೊಯ್ಲು ಬಂದರೆ ಹಾಜರಿ ಅರ್ಧ, ಅದಕ್ಕೆ ಜಗಳವಾಡಿ ಫಲವಿಲ್ಲ. ನಿಜವಾದ ಲೆಕ್ಕ ಏಪ್ರಿಲ್-ಮೇ ತಿಂಗಳದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರು ಮಾಡಿದ, ಕೊಡವ ಮನೆತನಗಳ ತಂಡಗಳು ಆಡುವ ಕೌಟುಂಬಿಕ ಹಾಕಿಗೆ ಕೊಡವ ಹುಡುಗರೆಲ್ಲ ಹೋಗುತ್ತಾರೆ, ಹೋಗಲೇಬೇಕು. ತಿರುಗಿ ಬಂದ ದಿನ ಕಾಲು ಮತ್ತೆ ಹಿಂದಕ್ಕೆ ಎಳೆಯುತ್ತದೆ. ಆ ವಾರ ಪಂದ್ಯ ಆಡಿಸುವುದಿಲ್ಲ. ಐದು ಮೀಟರ್, ನೂರು ಚೆಂಡು, ಅರವತ್ತು ಎಡಗಾಲಿಗೆ.